ಎತ್ತರದ ಪ್ರಕಾರ

ಜೂನ್ ಒಂದಕ್ಕೆ ಬೈತಖೋಲದಲ್ಲಿ ಬೋಟುಗಳು ಕಟ್ಟಿ ನಿಂತವು,
ಐಸ್ ಫ್ಯಾಕ್ಟರಿಯ ಮೋಟರು ಬಂದಾಯಿತು.
ಅರವತ್ತೊಂದು ದಿನ, ಅರ್ಧ ಪಗಾರ.
ಲೆಕ್ಕ ಬರೆಯುವ ನನಗೆ ಬರೆಯಲು ಲೆಕ್ಕವಿಲ್ಲ.
ಮನೆಯಲ್ಲಿ ಕೂತರೆ ಅತ್ತಿಗೆಯ ಕಣ್ಣು,
ಲೈಬ್ರರಿಯಲ್ಲಿ ಕೂತರೆ ಫ್ಯಾನು, ಪೇಪರು, ಎರಡೂ ಪುಕ್ಕಟೆ.

ಪೇಪರು ಹತ್ತೂವರೆಗೆ ಮುಗಿಯುತ್ತದೆ,
ಮರಣವಾರ್ತೆ, ಟೆಂಡರು ನೋಟೀಸು ಸಹಿತ.
ಎದ್ದದ್ದು ಕಾಲು ಜೋಮು ಹಿಡಿದದ್ದಕ್ಕೆ, ಬೇರೆ ಕಾರಣವಿಲ್ಲ.

ಇಲ್ಲಿ ಪುಸ್ತಕ ಜೋಡಿಸುವವ ಪುರಸು ಮಾಮ.
ಮೊದಲು ಗವಂಡಿ; ಸಾರವೆಯಿಂದ ಬಿದ್ದು ಸೊಂಟ ಹೋದಮೇಲೆ ಇಲ್ಲಿ.
ಅವನು ನಂಬರು ನೋಡುವುದಿಲ್ಲ, ಎತ್ತರ ನೋಡುತ್ತಾನೆ.
ಗಿಡ್ಡ ಗಿಡ್ಡದ ಪಕ್ಕ, ಉದ್ದ ಉದ್ದದ ಪಕ್ಕ,
ಕೊನೆಗೆ ಮೇಲೆ ಅಂಗೈ ಎಳೆದು ನೋಡುತ್ತಾನೆ
ಕಂಪೌಂಡು ಗೋಡೆಗೆ ಎಳೆದಂತೆ.
"ಸಾಲು ಸಮ ಇರಬೇಕು ಗೋ ಬಾಯ್,
ಒಳಗಿನದು ಅವರವರಿಗೆ ಬಿಟ್ಟದ್ದು."

ಹೀಗಾಗಿ ಆ ಕಪಾಟಿನಲ್ಲಿ
ವಾರಸಾ ಕಾಯ್ದೆಗೆ ಆತುಕೊಂಡು ಹಲಸಿನ ಅಡುಗೆ,
ಹಲಸಿಗೆ ಆತುಕೊಂಡು ಒಬ್ಬ ಸಾಧ್ವಿಯ ಚರಿತ್ರೆ,
ಸಾಧ್ವಿಯ ಬೆನ್ನಿಗೆ ಎಮ್ಮೆಯ ಕಾಯಿಲೆಗಳು.
ನಾನು ಕೈಹಾಕಿದ್ದು ಹಲಸಿಗೇ, ಸುಳ್ಳೇಕೆ.
ಎಳೆದರೆ ಜೊತೆಗೆ ಇನ್ನೊಂದು ಬಂತು
(ಬಂಗಡೆಯೊಟ್ಟಿಗೆ ಬಲೆಯಲ್ಲಿ ಹೆಸರು ಗೊತ್ತಿಲ್ಲದ್ದೊಂದು ಬರುತ್ತದಲ್ಲ, ಹಾಗೆ)
'ಗಡಿಯಾರ ರಿಪೇರಿ: ಮನೆಯಲ್ಲೇ ಕಲಿಯಿರಿ.'
ಬರೆದವರು ಪುಂಡಲೀಕ ರಾ. ಮಿರ್ಜಾನಕರ, ವಾಚ್ ಮೇಕರ್.
ಬೆಲೆ ಎರಡೂಕಾಲು ರೂಪಾಯಿ.
ಕೊನೆಯ ಠಸ್ಸೆ ನಾನು ಹುಟ್ಟುವ ಹಿಂದಿನ ವರ್ಷದ್ದು.

ನನ್ನ ಮನೆಯಲ್ಲಿ ಗಡಿಯಾರವಿಲ್ಲ, ಫೋನಿದೆ.
ಆದರೂ ನಿಂತೇ ಓದಿದೆ ಮೊದಲ ಪುಟ:
"ನಿಂತ ಗಡಿಯಾರವನ್ನು ಅಲುಗಾಡಿಸಬೇಡಿ.
ಮಾತಾಡದ ಮಗುವಿಗೆ ಯಾರಾದರೂ ಹಾಗೆ ಮಾಡುತ್ತಾರೆಯೆ?
ಮೊದಲು ಕಿವಿಯಿಡಿ. ಆಮೇಲೆ ಕೈ ತೊಳೆಯಿರಿ.
ಸ್ಕ್ರೂಡ್ರೈವರು ಮೂರನೆಯದು."

ಬೆಂಚಿಗೆ ಬಂದೆ.
ಸಮುದ್ರದ ಗಾಳಿ ಹಿತ್ತಾಳೆಯನ್ನು ಎಲ್ಲಿಂದ ತಿನ್ನತೊಡಗುತ್ತದೆ,
ಅಲಾರಮು ಕರ್ಕಶವಾದರೆ ಎಲ್ಲಿ ತುಸು ಅರಿವೆ ಸುತ್ತಬೇಕು,
ರಿಪೇರಿಗೆ ಕೊಟ್ಟು ಒಯ್ಯಲು ಬಾರದವರ ಗಡಿಯಾರಕ್ಕೂ
ದಿನಾ ಕೀಲಿ ಕೊಡಬೇಕು ಏಕೆಂದರೆ
"ಯಜಮಾನ ಬರಲಿಲ್ಲವೆಂಬುದು ಅದರ ತಪ್ಪಲ್ಲ."
ಬಾಗಿಲು ಹಾಕುತ್ತೇವೆಂದು ಕೂಗಿದಾಗ
ನಾನು ಲೋಲಕದ ಹತ್ತಿರ ಇದ್ದೆ.

ಏಳನೆಯ ಅಧ್ಯಾಯ ಸ್ಪ್ರಿಂಗು. ಬರೀ ಒಂದೂವರೆ ಪುಟ.
ಅಡಿಗೆ ಸಣ್ಣ ಅಕ್ಷರದಲ್ಲಿ:
"ಇದನ್ನು ಬರೆಯುತ್ತಿದ್ದಾಗ ನನ್ನ ಮನೆಯವಳು ತೀರಿಕೊಂಡಳು.
ವಿವರ ಸಾಲದು. ವಾಚಕರು ಕ್ಷಮಿಸಬೇಕು."

ಅಷ್ಟೇ.
ಎಂಟರಲ್ಲಿ ಆತ ಮತ್ತೆ ಅದೇ ಆಸಾಮಿ,
ಸಣ್ಣ ಮುಳ್ಳು ದೊಡ್ಡ ಮುಳ್ಳಿಗೆ ತಾಗಬಾರದು,
ಕೂದಲೆಳೆಯಷ್ಟು ಜಾಗ ಬಿಡಿ ಎನ್ನುತ್ತಾನೆ.
ನಾನು ಏಳರಲ್ಲೇ ಉಳಿದೆ,
ಆ ಖಾಲಿ ಅರ್ಧ ಪುಟ ಓದುತ್ತ.

ಎರಡು ಸಲ ರಿನ್ಯೂ ಮಾಡಿಸಿದೆ.
ಕೌಂಟರಿನ ಫಿರ್ದೋಸ್ ಮೇಡಂ ಕೇಳಿದರು,
ಗಡಿಯಾರದ ಅಂಗಡಿ ಹಾಕ್ತೀಯೇನೇ?
ಹೌದೆಂದೆ. ಬೇರೇನು ಹೇಳಲಿ.

ಜುಲೈ ಕೊನೆಗೆ ಫೋನು ಬಂತು, ಮೋಟರಿಗೆ ಎಣ್ಣೆ ಬಿಟ್ಟಾಯಿತಂತೆ.
ಲೈಬ್ರರಿಗೂ ಕಂಪ್ಯೂಟರು ಬಂದಿತ್ತು.
ಬೆನ್ನಿಗೆ ನಂಬರು ಅಂಟಿಸಿ ಒಂದೊಂದನ್ನೂ
ತಂತಮ್ಮ ಜಾತಿಯಲ್ಲೇ ಕೂರಿಸುತ್ತಾರಂತೆ,
ಕಾಯ್ದೆ ಕಾಯ್ದೆಯೊಂದಿಗೆ, ಎಮ್ಮೆ ಎಮ್ಮೆಯೊಂದಿಗೆ.
ಹಲಸು ಹುಡುಕಿದವರಿಗೆ ಇನ್ನು ಹಲಸೇ ಸಿಗುತ್ತದೆ.

ವಾಪಸು ಕೊಟ್ಟ ಪುಸ್ತಕವನ್ನು
ಟೇಬಲ್ಲಿನಿಂದ ಮೆಲ್ಲಗೆ ಎತ್ತಿಕೊಂಡೆ.
ಎಲ್ಲಿಡಲಿ?
ಪರೀಕ್ಷೆಯ ಗೈಡುಗಳ ಸಾಲಿನಲ್ಲಿ,
ಹುಡುಗ ಹುಡುಗಿಯರು ಬೆವರುತ್ತ ತಡಕಾಡುವಲ್ಲಿ,
ಒಂದು ಸಂದಿಯಿತ್ತು. ತುರುಕಿದೆ.
ಉಳಿದವುಗಳಿಗಿಂತ ಎರಡು ಬೆರಳು ಗಿಡ್ಡ.

ಪುರಸು ಮಾಮ ಕಂಡ. ಸೊಂಟ ಹಿಡಿದುಕೊಂಡೇ ಬಂದ.
ಅಂಗೈ ಎಳೆದ, ತಗ್ಗಿನಲ್ಲಿ ಕೈ ನಿಂತಿತು.
ನನ್ನನ್ನು ನೋಡಿದ.
ಪುಸ್ತಕ ನೋಡಿದ.
ಹಳೇ ಕ್ಯಾಲೆಂಡರಿನ ರಟ್ಟು ಹುಡುಕಿ, ನಾಲ್ಕಾಗಿ ಮಡಚಿ
ಅದರಡಿಗೆ ಕೊಟ್ಟ,
ಕಲ್ಲಿನಡಿ ಚಿಪ್ಪು ಕೊಡುವ ಹಾಗೆ.